ಕೋಲು ಹಿಡಿದಾಗ ಮುಖ ಯಾರ ಕಡೆಗೆ?



ಈ ಸಲ ನನ್ನದೇ ಒಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಹೀಗಾಗದಿರಲಿ ಅಂತ ಬರೆಯುತ್ತಿದ್ದೇನೆ.

ಮಾಘಮಾಸದಲ್ಲಿ ನಮ್ಮಣ್ಣನ ಮಗಳ ಮದುವೆ, ಮಧುಗಿರಿಯ ಛತ್ರದಲ್ಲಿ. ಈಗಿನ ಮದುವೆ ನಿಮಗೇ ಗೊತ್ತು. ಹಿಂದಿನ ರಾತ್ರಿ ಹಾಡು-ಕುಣಿತ ಆಗಲೇಬೇಕು. "ಸಿನಿಮಾ ಹಾಡು ಬೇಡ, ನಮ್ಮ ಕಡೆ ಕೋಲಾಟವೇ ಇರಲಿ" ಅಂತ ಮದುಮಗಳೇ ಅಂದಾಗ ನನಗೆಷ್ಟು ಹಿಗ್ಗಾಯಿತು ಅಂತೀರಿ! ಹೇಳಿಕೊಡಲು ಪಟ್ಟಣದಿಂದ ಒಬ್ಬ ಹುಡುಗನನ್ನು ಕರೆಸಿದರು. ಪಾಪ, ಒಳ್ಳೆಯ ಹುಡುಗ. ಟೀವಿಯ ನೃತ್ಯಸ್ಪರ್ಧೆಯಲ್ಲಿ ಬಂದ ಕೋಲಾಟವನ್ನು ಮೊಬೈಲಿನಲ್ಲಿ ತೋರಿಸಿ, "ಹೀಗೇ ಮಾಡೋಣ" ಅಂದ. ಮಿಂಚುವ ಕಾಗದ ಸುತ್ತಿದ ಕೋಲು, ಎರಡು ಸಾಲು, ಎಲ್ಲರ ಮುಖವೂ ಕ್ಯಾಮೆರಾ ಕಡೆಗೆ. ಕೊನೆಯಲ್ಲಿ ಒಬ್ಬ ಹುಡುಗಿಯನ್ನು ಹೆಗಲ ಮೇಲೆ ಎತ್ತಿ ನಿಲ್ಲಿಸಬೇಕು. ನೋಡಲು ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ?

ನಮ್ಮ ಸೋದರತ್ತೆ ಪಾವಗಡ ತಾಲ್ಲೂಕಿನ ತಿರುಮಣಿಯವರು. ವಯಸ್ಸು ಎಪ್ಪತ್ತೆರಡು. ಕೋಲಾಟ ಅಂತ ಕಿವಿಗೆ ಬಿದ್ದದ್ದೇ ತಡ, ಹಳೇ ಸೀರೆಯ ತುಂಡಿನಲ್ಲಿ ತಮ್ಮ ಜೋಡಿ ಕೋಲು ಸುತ್ತಿಕೊಂಡು ಬಂದಿದ್ದರು. ಸಾಲಿನಲ್ಲಿ ನಿಂತರು. ಹಾಡು ಶುರುವಾದ ಕೂಡಲೇ ಪಕ್ಕದವಳ ಕಡೆಗೆ ತಿರುಗಿಬಿಟ್ಟರು. ಬೆನ್ನು ಕ್ಯಾಮೆರಾಕ್ಕೆ! ಹುಡುಗ ಮೂರು ಸಲ ನಿಲ್ಲಿಸಿ ಹೇಳಿದ. ಮೂರು ಸಲವೂ ಅತ್ತೆ ತಿರುಗಿದರು. ಹುಡುಗಿಯರು ಮುಸಿಮುಸಿ ನಕ್ಕರು. ಆಗ ನಾನೇ ಹೋಗಿ, "ಅತ್ತೆ, ಸುಮ್ಮನೆ ಯಾಕೆ ಆಯಾಸ? ಮುಂದೆ ಕುರ್ಚಿ ಹಾಕಿಸ್ತೀನಿ, ಕೂತು ನೋಡಿ" ಅಂದೆ.

"ಆಗಲಿ ಕಣಮ್ಮ" ಅಂದರು. ಕೋಲು ಮತ್ತೆ ಬಟ್ಟೆಯೊಳಗೆ ಹೋಯಿತು. ಅಷ್ಟೇ.

ಉಗಾದಿ ಕಳೆದ ಮೇಲೆ ಮದುವೆಯ ಸೀರೆ ಕೊಟ್ಟುಬರಲು ತಿರುಮಣಿಗೆ ಹೋದೆ. ಈಗ ತಿರುಮಣಿ ಅಂದರೆ ಹೊರಗಿನವರಿಗೆ ನೆನಪಾಗುವುದು ಸೋಲಾರ್ ಪಾರ್ಕ್. ತಿರುಮಣಿಯೂ ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದು ಕಟ್ಟಿದ್ದು. 2018ರಲ್ಲಿ ಮೊದಲ ಹಂತ ಶುರುವಾಯಿತು, 2019ರ ಕೊನೆಗೆ 2,050 ಮೆಗಾವಾಟ್ ಆಯಿತು. ಮಳೆ ನಂಬಿ ಕಡಲೆಕಾಯಿ ಬಿತ್ತಿ ಸೋತವರಿಗೆ ವರ್ಷವರ್ಷವೂ ಗುತ್ತಿಗೆ ಹಣ ಬರುತ್ತದೆ. ಅದು ಸಣ್ಣ ಮಾತಲ್ಲ. ಆದರೆ ಸಾಲಾಗಿ ಕೂತು ಕಳೆ ಕೀಳುತ್ತಾ ಹೆಂಗಸರು ಪದ ಹೇಳುತ್ತಿದ್ದ ಹೊಲಗಳಲ್ಲಿ ಈಗ ನೀಲಿ ಹಲಗೆಗಳಿವೆ. ಅತ್ತೆ ಕೋಲಾಟದ ಪದಗಳನ್ನೆಲ್ಲ ಕಲಿತದ್ದು ಆ ಕಳೆಯ ಸಾಲಿನಲ್ಲೇ. ಆಂಧ್ರದ ಗಡಿ ಅಲ್ಲವೆ, ಒಂದು ಪದ ಕನ್ನಡದ್ದು, ಇನ್ನೊಂದು ತೆಲುಗಿನದು.

"ರಾಮನವಮಿಗೆ ಗುಡಿಯ ಮುಂದೆ ಕೋಲಾಟ ಹಾಕ್ತೀರಾ ಅತ್ತೆ?" ಅಂತ ಕೇಳಿದೆ.

"ನಾನು ಬಿಟ್ಟೆ ಕಣಮ್ಮ. ನಾನು ಕೂತೆ ಅಂತ ಎದುರುಮನೆಯೋಳೂ ಕೂತಳು. ನಲವತ್ತು ವರ್ಷದಿಂದ ನನಗೆ ಅವಳೇ ಜೋಡಿ. ಈಗ ಹೊಸ ಜೋಡಿ ಎಲ್ಲಿ ಹುಡುಕ್ತಾಳೆ?"

ಒಂದೇ ಮಾತಿಗೆ ಇಬ್ಬರನ್ನು ಕೂರಿಸಿದ್ದೆ ನಾನು! ಅನ್ನ ಗಂಟಲಲ್ಲಿ ಇಳಿಯಲಿಲ್ಲ. "ಅವತ್ತು ನಾನು ಹಾಗನ್ನಬಾರದಿತ್ತು" ಅಂದೆ. ಅತ್ತೆ ನಕ್ಕುಬಿಟ್ಟರು. "ಆ ಹುಡುಗ ಕ್ಯಾಮೆರಾ ನೋಡು ಅಂದ. ನಾನು ಆ ಕಡೆ ನೋಡಿದ್ರೆ ಎದುರಿನೋಳ ಕೋಲು ಎಲ್ಲಿ ಬರ್ತದೆ ಅಂತ ಹೆಂಗೆ ಗೊತ್ತಾಗಬೇಕು? ಬೆರಳಿಗೆ ಬೀಳ್ತದೆ, ಅಷ್ಟೆ!"

ಸೋದರಿಯರೇ, ಇಡೀ ವಿಷಯ ಈ ಒಂದು ಮಾತಿನಲ್ಲಿದೆ. ಊರ ಕೋಲಾಟದಲ್ಲಿ ಎಲ್ಲರೂ ದುಂಡಗೆ ನಿಲ್ಲುತ್ತಾರೆ. ಮುಖ ಜೊತೆಯವರ ಕಡೆಗೆ, ಬೆನ್ನು ನೋಡುವವರ ಕಡೆಗೆ. ನೋಡುವವರು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಒಬ್ಬರು ಪದ ಎತ್ತುತ್ತಾರೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಮೊದಮೊದಲು ನಿಧಾನ, ಬರಬರುತ್ತಾ ಬಿರುಸು. ಒಳಸುತ್ತಿನವರು ಒಂದು ಕಡೆಗೆ, ಹೊರಸುತ್ತಿನವರು ಇನ್ನೊಂದು ಕಡೆಗೆ ಸರಿದರೆ ಪ್ರತಿ ಏಟಿಗೂ ಹೊಸ ಜೋಡಿ. ಗೌಡರ ಸೊಸೆಗೂ ಕೂಲಿಯವಳಿಗೂ ಕೋಲು ತಾಗಲೇಬೇಕು. ಹೊಸಬಳನ್ನು ಇಬ್ಬರು ನುರಿತವರ ನಡುವೆ ನಿಲ್ಲಿಸುತ್ತಾರೆ; ಅವಳು ತಡವಾದರೆ ಇವರು ತಮ್ಮ ಕೋಲನ್ನು ಅರೆಗಳಿಗೆ ತಡೆಯುತ್ತಾರೆ. ನೋಡುವವರಿಗೆ ಅದು ತಿಳಿಯುವುದೇ ಇಲ್ಲ. ಜಡೆಕೋಲಾಟದಲ್ಲಂತೂ ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಒಬ್ಬೊಬ್ಬರು ಒಂದೊಂದು ಹಿಡಿದು ಕುಣಿಯುತ್ತಲೇ ಜಡೆ ಹೆಣೆಯಬೇಕು, ಮತ್ತೆ ಹಿಂದಕ್ಕೆ ಕುಣಿದು ಬಿಚ್ಚಬೇಕು. ಒಬ್ಬಳು ತಾನೇ ಮೆರೆಯಲು ಹೋದಳೋ, ಜಡೆ ಗಂಟಾಯಿತು ಅಂತಲೇ ಲೆಕ್ಕ.

ಇದು ನಿನ್ನೆ ಮೊನ್ನೆಯ ಆಟವಲ್ಲ. ಹಂಪಿಗೆ ಹೋದರೆ ಮಹಾನವಮಿ ದಿಬ್ಬದ ಕಲ್ಲಿನ ಮೇಲೆ ಕೋಲು ಹಿಡಿದು ಕುಣಿಯುವ ಹೆಂಗಸರನ್ನು ನೋಡಿ.

ನಮ್ಮ ಕೋಲಾಟಕ್ಕೆ ಮಾತ್ರ ಹೀಗಾಗಿದೆಯೆ ಅಂದರೆ, ಅದೂ ಇಲ್ಲ. ದಕ್ಷಿಣ ಅಮೆರಿಕದ ಅರ್ಜೆಂಟೀನಾದಲ್ಲಿ ಟ್ಯಾಂಗೋ ಎಂಬ ಕುಣಿತವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊ ಪಟ್ಟಣಗಳ ಬಡವರ ಕೇರಿಗಳಲ್ಲಿ, ಹೊಟ್ಟೆಪಾಡಿಗೆ ದೇಶ ಬಿಟ್ಟು ಬಂದವರ ನಡುವೆ ಹುಟ್ಟಿದ್ದು. 2009ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಟೀವಿಯ ಟ್ಯಾಂಗೋ ನೀವೂ ನೋಡಿರುತ್ತೀರಿ: ಕಾಲು ತಲೆಯವರೆಗೆ ಎತ್ತುವುದು, ಹೆಣ್ಣನ್ನು ಗರಗರ ತಿರುಗಿಸಿ ಬಗ್ಗಿಸುವುದು, ಬಾಯಲ್ಲಿ ಗುಲಾಬಿ! ಆದರೆ ಅಲ್ಲಿನ ಜನ ತಮ್ಮತಮ್ಮಲ್ಲಿ ಆಡುವ ಟ್ಯಾಂಗೋ ಬಹುಪಾಲು ಬರೀ ನಡಿಗೆಯಂತೆ ಕಾಣುತ್ತದೆ. ಅಂಥ ಕೂಟಕ್ಕೆ ಮಿಲೋಂಗಾ ಅಂತ ಹೆಸರು. ಜೋಡಿಗಳು ಒತ್ತಾಗಿ ನಿಂತು, ಮೊದಲೇ ಕಲಿತಿಟ್ಟ ಸಾಲು ಹೆಜ್ಜೆಗಳಿಲ್ಲದೆ, ಆ ಗಳಿಗೆಯ ಹಾಡಿಗೆ ಹೆಜ್ಜೆ ಹಾಕುತ್ತಾ ಕೋಣೆಯ ಸುತ್ತ ಎಡಕ್ಕೆ ಸಾಗುತ್ತಾರೆ. ಮುಂದಿನವರಿಗೆ ತಾಗಬಾರದು, ಕಾಲು ಎತ್ತಿ ಯಾರಿಗೂ ಒದೆಯಬಾರದು. ಕುಣಿಯೋಣವೆ ಅಂತ ಕೇಳುವುದೂ ದೂರದಿಂದ ಕಣ್ಣಿನಲ್ಲೇ. ಬೇಡವೆಂದರೆ ಆಕೆ ಕಣ್ಣು ಬೇರೆ ಕಡೆಗೆ ತಿರುಗಿಸಿದರಾಯಿತು, ಯಾರಿಗೂ ಅವಮಾನವಿಲ್ಲ. ತಲೆ ನರೆತವರೂ ಅಲ್ಲಿ ಕುಣಿಯುತ್ತಾರೆ. ಗಂಡು-ಹೆಣ್ಣು ಹಾಗೆ ಕುಣಿಯುವುದು ನಮ್ಮ ಪದ್ಧತಿಯಲ್ಲ, ಆ ಮಾತು ಬೇರೆ. ಆದರೆ ಅಲ್ಲಿಯೂ ಮುಖ ಇರುವುದು ಜೊತೆಯವರ ಕಡೆಗೇ, ನೋಡಿದಿರಾ?

ಹಾಗಂತ ಟೀವಿಯವರನ್ನು ಬೈಯುತ್ತಾ ಕೂರಬೇಡಿ. ಅವರಿಗಿರುವುದು ಮೂರು ನಾಲ್ಕು ನಿಮಿಷ. ಮನೆಯಲ್ಲಿ ಕೂತವರ ಕಣ್ಣು ಅತ್ತಿತ್ತ ಹೋಗದಂತೆ ಹಿಡಿಯಬೇಕು. ಅದಕ್ಕೂ ಬೆವರು ಸುರಿಸಿ ಕಲಿಯಬೇಕು, ಅದೂ ಒಂದು ವಿದ್ಯೆಯೇ. ತೊಂದರೆ ಇರುವುದು ಆ ಅಳತೆಗೋಲನ್ನು ನಮ್ಮ ಅಂಗಳಕ್ಕೆ ತಂದಾಗ. ಪತ್ರಿಕೆಯಲ್ಲಿ ಹೋಳಿಗೆಯ ಬಣ್ಣದ ಚಿತ್ರ ನೋಡುತ್ತೀರಿ. ನಿಮ್ಮ ಹೋಳಿಗೆ ಅಷ್ಟು ದುಂಡಗೆ ಬರಲಿಲ್ಲ ಅಂತ ಹಬ್ಬಕ್ಕೆ ಒಲೆ ಹಚ್ಚುವುದನ್ನೇ ಬಿಡುತ್ತೀರಾ? ಇಲ್ಲವಷ್ಟೆ. ಚಿತ್ರ ಕಣ್ಣಿಗೆ, ಹೋಳಿಗೆ ಹೊಟ್ಟೆಗೆ. ಆದರೆ ಕುಣಿತದ ವಿಷಯದಲ್ಲಿ ಒಲೆಯನ್ನೇ ಆರಿಸುತ್ತಿದ್ದೇವೆ. ವಯಸ್ಸಾಯಿತು, ಮೈ ಬಂತು, ಹೆಜ್ಜೆ ತಪ್ಪುತ್ತೆ, ಯಾರಾದರೂ ಮೊಬೈಲಿನಲ್ಲಿ ಹಿಡಿದಾರು ಅಂತ ಒಬ್ಬೊಬ್ಬರೇ ಕುರ್ಚಿ ಹಿಡಿಯುತ್ತಿದ್ದೇವೆ. ಆಡುವವರೆಲ್ಲ ನೋಡುವವರಾದರೆ ಪದ ಹೇಳಿಕೊಡುವವರು ಯಾರು?

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಕೋಲಾಟ ಆಗುವುದಿದ್ದರೆ ಅತ್ತೆಯ ಈ ಕೆಲವು ಮಾತು ನೆನಪಿಡಿ:

ಕೋಲು ಒಂದು ಮೊಳದಷ್ಟು ಉದ್ದ, ಹೆಬ್ಬೆರಳಿನಷ್ಟು ದಪ್ಪ ಇರಲಿ. ಗಟ್ಟಿ ಮರದ್ದಾದರೆ ನಾದ ಬರುತ್ತದೆ, ಪ್ಲಾಸ್ಟಿಕ್ಕಿಗೆ ನಾದವಿಲ್ಲ. ಸಿಬಿರು ಏಳದಂತೆ ಉಜ್ಜಿಸಿ. ಮುಂಗೈ ಸಡಿಲ ಬಿಡಿ, ಇಲ್ಲವಾದರೆ ಮಾರನೆಯ ದಿನ ರೊಟ್ಟಿ ತಟ್ಟಲಾಗದು.

ಆಡುವವರು ಸಮಸಂಖ್ಯೆಯಲ್ಲಿರಬೇಕು. ಒಬ್ಬರು ಕಡಮೆಯಾದರೆ ಹತ್ತು ವರ್ಷದ ಮಗುವನ್ನಾದರೂ ಸೇರಿಸಿಕೊಳ್ಳಿ, ಹಿರಿಯರನ್ನು ಮಾತ್ರ ಎಬ್ಬಿಸಿ ಕಳಿಸಬೇಡಿ.

ಮೊದಲು ಕೋಲಿಲ್ಲದೆ ಬರಿಗೈಯಲ್ಲಿ ಚಪ್ಪಾಳೆ ತಟ್ಟಿ ನಡೆದು ನೋಡಿ. ಪದ ಬಾಯಿಗೆ ಬಂದ ಮೇಲೆ ಕೋಲು ಹಿಡಿಯಿರಿ.

ಫೋಟೋ ಬೇಕಾದರೆ ಕೊನೆಯಲ್ಲಿ ಎಲ್ಲರೂ ನಿಂತು ತೆಗೆಸಿಕೊಳ್ಳಿ. ಆಡುವಾಗ ಬೇಡ.

ಮಂಗಳ ಹಾಡಿದ ಮೇಲೆ ಹುರಿದ ಕಡಲೆಕಾಯಿ, ಬೆಲ್ಲ ಹಂಚಿ. ಅದಿಲ್ಲದೆ ನಮ್ಮ ಕಡೆ ಕೋಲಾಟ ಮುಗಿದಂತಲ್ಲ.

ಅವತ್ತು ತಿರುಮಣಿಯಿಂದ ನಾನು ಹಾಗೇ ಬರಲಿಲ್ಲ. ಸಾಯಂಕಾಲ ಅಟ್ಟದ ಮೇಲಿಂದ ಕೋಲು ಇಳಿಸಿ, "ಅತ್ತೆ, ನನಗೆ ಹೇಳಿಕೊಡಿ" ಅಂದೆ. "ನಿನಗಾ? ಈ ವಯಸ್ಸಿಗಾ?" ಅಂದವರೇ ಸೆರಗು ಸಿಕ್ಕಿಸಿದರು. ಎದುರುಮನೆಯವರೂ ಸದ್ದು ಕೇಳಿ ಬಂದರು, ಅವರ ಸೊಸೆಯೂ ಬಂದಳು. ಎರಡು ಜೋಡಿ ಆಯಿತು. ಮೊದಲ ಏಟೇ ನನ್ನ ಹೆಬ್ಬೆರಳಿಗೆ! "ನನ್ನ ನೋಡು ಕಣಮ್ಮ, ಕೋಲನ್ನಲ್ಲ" ಅಂದರು ಅತ್ತೆ.

ಬೆರಳು ಎರಡು ದಿನ ಊದಿತ್ತು. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದೆ. ರಾಮನವಮಿಗೆ ಅತ್ತೆಯೂ ಅವರ ಜೋಡಿಯೂ ಗುಡಿಯ ಮುಂದೆ ನಿಂತರು. ನಾನು ಕುರ್ಚಿ ಕೇಳಲಿಲ್ಲ. ಇಬ್ಬರ ನಡುವೆ ನಿಂತೆ. ನನಗಾಗಿ ಎಷ್ಟು ಸಲ ಕೋಲು ತಡೆದರೋ, ಲೆಕ್ಕವಿಲ್ಲ.

ನಿಮ್ಮೂರಿನ ಕೋಲಾಟ ಹೇಗೆ? ಪದ ಎತ್ತುವವರು ಯಾರಿದ್ದಾರೆ? ಬಿಡುವು ಮಾಡಿಕೊಂಡು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.