ಗಾಡಿ ನಮ್ಮದು, ಸಪ್ಪಳ ಯಾರದು?

ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಚಿಕ್ಕೋಡಿ ಸೀಮೆಯ ಗ್ಯಾರೇಜುಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ಹತ್ತುತ್ತದೆ. ಆಯಿಲ್ ಬದಲು, ಕ್ಲಚ್ ಪ್ಲೇಟು, ಟ್ರಾಲಿಯ ಟೈರು, ಜತೆಗೆ ಸೈಲೆನ್ಸರ್. ಅಂಥದೊಂದು ಗ್ಯಾರೇಜಿನಲ್ಲಿ, ಗುಡುಗುತ್ತ ಬಂದು ನಿಂತ ಗಾಡಿ ನೋಡಿ ಹಿರಿಯರೊಬ್ಬರು ಕೇಳಿದರು: "ಏನ ತಮ್ಮಾ, ಸೈಲೆನ್ಸರ್ ಒಡದೈತೇನ?" ಹುಡುಗ ನಕ್ಕ. "ಇಲ್ರಿ ಕಾಕಾ, ನಿನ್ನೆ ಹೊಸಾದ ಹಾಕಿಸೇನ್ರಿ."

ಇಬ್ಬರ ಮಾತೂ ಖರೆ. ಹಾಕಿಸಿದ್ದು ಹೊಸದೇ, ಆದರೆ ಒಳಗೆ ಏನೂ ಇಲ್ಲದ ಬರಿ ಕೊಳವೆ. ಒಡೆದ ಸೈಲೆನ್ಸರ್ ಮಾಡುವ ಕೆಲಸವನ್ನು ಅದು ಮೊದಲ ದಿನದಿಂದಲೇ ಮಾಡುತ್ತದೆ. ಕಂಪನಿಯ ಸೈಲೆನ್ಸರ್ ತೆಗೆದು ನಮಗೆ ಬೇಕಾದ್ದನ್ನು ಹಾಕಿಸುವುದು ಇವತ್ತು ಟ್ರ್ಯಾಕ್ಟರ್, ಹಳೆ ಲಾರಿ, ಬುಲೆಟ್ ಮೂರಕ್ಕೂ ಇರುವ ಶೋಕಿ. ಗಾಡಿ ನನ್ನದು, ದುಡ್ಡು ನನ್ನದು, ಅದರ ದನಿಯನ್ನು ನಾನು ಆರಿಸಿದರೆ ಯಾರಿಗೇನು ಎಂಬ ಪ್ರಶ್ನೆ ಕೇಳಲು ಸರಳ. ಉತ್ತರ ಅಷ್ಟು ಸರಳವಿಲ್ಲ.

ಮೊದಲು ಒಂದು ಮಾತು ಒಪ್ಪಿಕೊಂಡು ಮುಂದೆ ಹೋಗೋಣ. ಈ ಸೀಮೆಯಲ್ಲಿ ಸಪ್ಪಳವಿಲ್ಲದ ರಾತ್ರಿ ಬೇಡುವುದು ಅನ್ನ ಬೇಡ ಎಂದಂತೆ. ಉಗಾರ ಖುರ್ದದ ಸಕ್ಕರೆ ಕಂಪನಿ ಹುಟ್ಟಿದ್ದೇ 1939ರಲ್ಲಿ. ಆಮೇಲೆ ಚಿಕ್ಕೋಡಿಯ ದೂಧಗಂಗಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ, ಜತೆಗೆ ಖಾಸಗಿಯವರವು. ಕಡಿದ ಕಬ್ಬು ಹೊಲದಲ್ಲಿ ಬಿದ್ದಷ್ಟೂ ತೂಕ ಕಳೆಯುತ್ತದೆ, ಸಕ್ಕರೆ ಇಳುವರಿಯೂ ಇಳಿಯುತ್ತದೆ. ಗಾಡಿಯವನಿಗೆ ಬಾಡಿಗೆ ಸಿಗುವುದು ಟನ್ ಮತ್ತು ದೂರದ ಮೇಲೆ. ಒಂದು ಟ್ರಿಪ್ ತಪ್ಪಿದರೆ ಟ್ರ್ಯಾಕ್ಟರಿನ ಕಂತೂ ತಪ್ಪೀತು. ಹಾಗಾಗಿ ನಡುರಾತ್ರಿ ಎರಡು ಟ್ರಾಲಿ ಎಳೆದುಕೊಂಡು ರಾಯಬಾಗದ ಏರಿನಲ್ಲಿ ಲೋ ಗೇರಿನಲ್ಲಿ ಒದ್ದಾಡುವ ಗಾಡಿಯನ್ನು ನಿಲ್ಲಿಸಿರೆಂದು ಬುದ್ಧಿ ನೆಟ್ಟಗಿದ್ದವರು ಯಾರೂ ಹೇಳುವುದಿಲ್ಲ. ಕೇಳಬೇಕಾದದ್ದು ಬೇರೆ: ಆ ಸಪ್ಪಳದಲ್ಲಿ ದುಡಿಮೆಯದೆಷ್ಟು, ಮೇಲೆ ಕೂಡಿಸಿದ್ದೆಷ್ಟು?

ಕೂಡಿಸುವವರ ಪರವಾಗಿ ಮೂರು ವಾದ ಕೇಳಿಬರುತ್ತವೆ. ಮೂರರದ್ದೂ ತೂಕ ಬೇರೆ ಬೇರೆ.

ಒಂದು, ಜಗ್ಗುವ ಶಕ್ತಿ ಹೆಚ್ಚುತ್ತದೆ ಎಂಬುದು. ಎಕ್ಸಾಸ್ಟ್ ವಾಲ್ವ್ ತೆರೆದಾಗಲೆಲ್ಲ ಒತ್ತಡದ ಬಿಸಿಗಾಳಿ ಸಿಡಿದು ಬರುತ್ತದೆ. ಮೂರು ಸಿಲಿಂಡರಿನ ಟ್ರ್ಯಾಕ್ಟರ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಸಲ ಹೀಗೆ ಸಿಡಿಯುತ್ತದೆ. ಸೈಲೆನ್ಸರ್ ಒಳಗಿನ ತೂತುಕೊಳವೆ, ಅಡ್ಡತಗಡು, ಕೋಣೆಗಳಲ್ಲಿ ಆ ಗಾಳಿ ಹಿಗ್ಗಿ, ತಿರುಗಿ, ಗೋಡೆಗೆ ಬಡಿದು ಮೆತ್ತಗಾಗುತ್ತದೆ. ಈ ಹಾದಿಯಲ್ಲಿ ಒಂದಿಷ್ಟು ತಡೆ ಇರುವುದು ನಿಜ, ತೆಗೆದುಹಾಕಿದರೆ ಒಂದಿಷ್ಟು ಹಗುರಾಗುವುದೂ ನಿಜ. ಆದರೆ ಡೀಸೆಲ್ ಗಾಡಿಯ ಜಗ್ಗು ನಿಂತಿರುವುದು ಪಂಪು ಕೊಡುವ ಡೀಸೆಲ್, ಫಿಲ್ಟರಿನಿಂದ ಬರುವ ಗಾಳಿ, ಟರ್ಬೊ ಇದ್ದರೆ ಅದರ ಮೇಲೆ. ಏರ್ ಫಿಲ್ಟರಿನಲ್ಲಿ ಒಂದು ಹಂಗಾಮಿನ ಧೂಳು ಹಾಗೇ ಇಟ್ಟುಕೊಂಡು ಸೈಲೆನ್ಸರ್ ಬೋಳಿಸುವವರಿಗೆ ಸಿಗುವುದು ಶಕ್ತಿಯ ಭ್ರಮೆ. ಎಂಜಿನ್ ಗರ್ಜಿಸಿದರೆ ಗಾಡಿ ಜಗ್ಗುತ್ತಿದೆ ಎನಿಸುತ್ತದೆ, ಅಷ್ಟೇ. ಏಪ್ರಿಲ್ 2020ರ ಬಿಎಸ್-6 ನಿಯಮದ ನಂತರ ಬಂದ ಲಾರಿಗಳಲ್ಲಂತೂ ಈ ಮಾತಿಗೆ ಜಾಗವೇ ಇಲ್ಲ. ಹೊಗೆ ಸೋಸುವ ಫಿಲ್ಟರು, ಯೂರಿಯಾ ದ್ರಾವಣದ ವ್ಯವಸ್ಥೆ ಎಲ್ಲ ಆ ಕೊಳವೆಯ ಜತೆಗೇ ಹೆಣೆದುಕೊಂಡಿವೆ. ಅಲ್ಲಿ ಕೈ ಹಾಕಿದರೆ ಸೆನ್ಸರ್ ತಿಳಿದು ಎಂಜಿನ್ನಿನ ಶಕ್ತಿಯನ್ನೇ ಇಳಿಸುತ್ತದೆ.

ಇನ್ನೊಂದು ಮಾತು ಗ್ಯಾರೇಜಿನವರು ಹೇಳುವುದೇ ಇಲ್ಲ. ಸೈಲೆನ್ಸರಿನ ಕೋಣೆಗಳು ಸಪ್ಪಳದ ಜತೆಗೆ ಕಿಡಿಯನ್ನೂ ತಡೆಯುತ್ತವೆ. ಎಂಜಿನ್ ಮೇಲೆ ಭಾರ ಬಿದ್ದಾಗ ಕೊಳವೆಯಲ್ಲಿ ಅಂಟಿದ ಮಸಿ ಕೆಂಡವಾಗಿ ಹಾರಬಹುದು. ಕಬ್ಬಿನ ಒಣ ರವದಿ ಹರಡಿದ ಹೊಲದೊಳಗೆ ನಿಂತ ಟ್ರ್ಯಾಕ್ಟರಿಗೆ ಬೋಳು ಕೊಳವೆ ಹಾಕುವುದು ನನ್ನ ಮಟ್ಟಿಗೆ ಸಪ್ಪಳಕ್ಕಿಂತ ದೊಡ್ಡ ಅವಿವೇಕ.

ಎರಡು, ಸಪ್ಪಳ ಇದ್ದರೆ ಜನ ಎಚ್ಚರವಾಗಿ ಸರಿಯುತ್ತಾರೆ, ಅಪಘಾತ ತಪ್ಪುತ್ತದೆ ಎಂಬುದು. ಕೇಳಲು ಚೆಂದ. ಆದರೆ ಕಬ್ಬಿನ ಗಾಡಿಗೆ ಆಗುವ ಅಪಘಾತ ಎಂಥವು ನೋಡಿ. ಕತ್ತಲಲ್ಲಿ ರಸ್ತೆ ಬದಿಗೆ ನಿಂತ, ಇಲ್ಲವೆ ನಿಧಾನಕ್ಕೆ ಸಾಗುವ, ಹಿಂದೆ ದೀಪವಿಲ್ಲದ ಟ್ರಾಲಿಗೆ ಬೈಕ್ ಬಂದು ಗುದ್ದುತ್ತದೆ. ನಿಂತ ಗಾಡಿಗೆ ಸಪ್ಪಳವೇ ಇರುವುದಿಲ್ಲ. ಸಾಗುವ ಗಾಡಿಯ ಸೈಲೆನ್ಸರ್ ಮುಂದೆ ಎಂಜಿನ್ ಮೇಲಿರುತ್ತದೆ, ಅದರ ಹಿಂದೆ ಎರಡು ಟ್ರಾಲಿ ಕಬ್ಬು. ಹಿಂದಿನಿಂದ ಬರುವವನ ಕಿವಿಯಲ್ಲಿ ಅವನದೇ ಎಂಜಿನ್ ಮತ್ತು ಗಾಳಿ. ಜೀವ ಉಳಿಸುವ ಹಂಬಲ ಇದ್ದದ್ದೇ ಆದರೆ ಸೈಲೆನ್ಸರಿಗೆ ಇಡುವ ದುಡ್ಡಿನಲ್ಲಿ ಹಿಂದಿನ ಟ್ರಾಲಿಗೆ ಕೆಂಪು ದೀಪ ಮತ್ತು ರೇಡಿಯಂ ಪಟ್ಟಿ ಹಾಕಿಸಬಹುದು. ಕಂಡರೆ ಸಾಕು, ಕೇಳಬೇಕಾಗಿಲ್ಲ.

ಮೂರನೆಯದು ಹೆಮ್ಮೆ. ಇದನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಇಪ್ಪತ್ತೆರಡರ ಹುಡುಗ, ಬ್ಯಾಂಕಿನ ಸಾಲದ ಟ್ರ್ಯಾಕ್ಟರು, ನಾಲ್ಕು ತಿಂಗಳು ನೆಟ್ಟಗೆ ನಿದ್ದೆಯಿಲ್ಲದ ದುಡಿಮೆ. ಟ್ರಾಲಿಯ ಹಿಂದೆ ತಾಯಿಯ ಹೆಸರು ಬರೆಸುತ್ತಾನೆ, ಬಾನೆಟ್ಟಿಗೆ ಗೊಂಡೆ ಕಟ್ಟುತ್ತಾನೆ, ಊರ ಅಗಸಿಗೆ ಬರುವಾಗ ಮನೆಯವರಿಗೆ "ನಮ್ಮ ಗಾಡಿ ಬಂತು" ಎಂದು ತಿಳಿಯಲಿ ಎನ್ನುತ್ತಾನೆ. ಶರ್ಯತ್ತಿನ ಎತ್ತಿಗೆ ಝೂಲ ಹೊದಿಸಿ ಮೆರೆಸಿದ ಸೀಮೆ ಇದು, ಗಾಡಿಯನ್ನು ಮೆರೆಸಬೇಡ ಎಂದರೆ ಯಾರು ಕೇಳಿಯಾರು? ಆದರೆ ಗೊಂಡೆಯೂ ಝೂಲವೂ ಗಾಡಿಯ ಮೇಲೆ, ಎತ್ತಿನ ಮೇಲೆ ಉಳಿಯುತ್ತವೆ. ಸಪ್ಪಳ ಹಾಗಲ್ಲ, ಅದು ಬದು ದಾಟುತ್ತದೆ.

ಬದುವಿನ ವಿಷಯಕ್ಕೆ ಬನ್ನಿ. ಒಂದು ಗೇಣು ಬದು ಒತ್ತಿದರೆ ಅಣ್ಣತಮ್ಮಂದಿರು ಚಿಕ್ಕೋಡಿ ಕೋರ್ಟಿಗೆ ವರ್ಷಗಟ್ಟಲೆ ಅಲೆದಾರು. ಅದೇ ಮನುಷ್ಯ ದಿನಾ ಬೆಳಗಿನ ಜಾವ ಪಕ್ಕದವನ ಮಲಗುವ ಕೋಣೆಯೊಳಗೆ ತನ್ನ ಎಂಜಿನ್ ನುಗ್ಗಿಸಿದರೆ ಅದು ಒತ್ತುವರಿ ಎಂದು ಯಾರಿಗೂ ತೋರುವುದಿಲ್ಲ. ಎಷ್ಟು ದೂರ ಒತ್ತುತ್ತಾನೆ ಎಂಬುದಕ್ಕೂ ಲೆಕ್ಕವಿದೆ. 175 ಸಿಸಿ ಮೀರಿದ ಬೈಕು ಪರೀಕ್ಷೆಯಲ್ಲಿ ಏಳೂವರೆ ಮೀಟರ್ ದೂರದಿಂದ ಅಳೆದಾಗ 80 ಡೆಸಿಬಲ್ ದಾಟಕೂಡದು. ದೊಡ್ಡ ಲಾರಿಗಳ ಮಿತಿಯೂ ಇದರ ಆಸುಪಾಸಿನಲ್ಲೇ ಇದೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. 15 ಮೀಟರಿಗೆ 74, 30ಕ್ಕೆ 68, 60ಕ್ಕೆ 62, 120ಕ್ಕೆ 56. ಅಂದರೆ ಕಾನೂನುಬದ್ಧ ಗಾಡಿಯೂ ಆಕ್ಸಿಲರೇಟರ್ ತುಳಿದರೆ ನೂರು ಮೀಟರ್ ಆಚೆಗೂ ಚೆನ್ನಾಗಿ ಕೇಳುತ್ತದೆ. ಈಗ ಬೋಳು ಕೊಳವೆಯಿಂದ 20 ಡೆಸಿಬಲ್ ಹೆಚ್ಚಿತು ಅನ್ನಿ. ಅದೇ 56ಕ್ಕೆ ಇಳಿಯಲು ಹತ್ತು ಪಟ್ಟು ದೂರ, ಒಂದು ಕಿಲೋಮೀಟರಿಗೂ ಮೇಲೆ ಬೇಕು. ನಡುವೆ ಗೋಡೆ, ಗಿಡ, ಕಬ್ಬಿನ ಗದ್ದೆ ಬಂದರೆ ಲೆಕ್ಕ ಬದಲಾಗುತ್ತದೆ. ಆದರೂ ಒಬ್ಬನ ಶೋಕಿ ಓಣಿಯಿಂದ ಇಡೀ ಊರಿಗೆ ಹಬ್ಬುವುದು ಹೀಗೆ.

ಕಾನೂನಿನ ಕೊರತೆ ಇದೆಯೇ ಅಂದರೆ ಇಲ್ಲ. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್. ಕೇಂದ್ರ ಮೋಟಾರು ವಾಹನ ನಿಯಮ ಕೃಷಿ ಟ್ರ್ಯಾಕ್ಟರನ್ನೂ ಸೇರಿಸಿಯೇ ಸೈಲೆನ್ಸರ್ ಕಡ್ಡಾಯ ಎನ್ನುತ್ತದೆ, "ಇದು ಹೊಲದ ಗಾಡಿ" ಎಂಬ ನೆಪ ನಡೆಯದು. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮು 2019ರ ತಿದ್ದುಪಡಿಯ ನಂತರ ಮೂರು ತಿಂಗಳವರೆಗಿನ ಸೆರೆ, ಹತ್ತು ಸಾವಿರ ರೂಪಾಯಿವರೆಗಿನ ದಂಡ ಇಲ್ಲವೆ ಎರಡರ ಮಾತಾಡುತ್ತದೆ. ಕಂಪನಿ ಕೊಟ್ಟ ಗಾಡಿಯ ಮೂಲ ರೂಪ ಬದಲಿಸಕೂಡದೆಂದು ಸುಪ್ರೀಂ ಕೋರ್ಟೂ 2019ರ ಜನವರಿಯಲ್ಲಿ ಹೇಳಿದೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಬುಲೆಟ್ ಸೈಲೆನ್ಸರ್‌ಗಳನ್ನು ರಸ್ತೆಗೆ ಸುರಿದು ರೋಡ್ ರೋಲರ್ ಹತ್ತಿಸಿದ ಫೋಟೋ ನೀವೂ ನೋಡಿರುತ್ತೀರಿ. ಫೋಟೋಗೆ ಚೆಂದ. ಮಾರುವ ಅಂಗಡಿಯಲ್ಲಿ ಇಂದೋರಿ, ಪಂಜಾಬಿ, ಶಾರ್ಟ್ ಬಾಟಲ್ ಎಂಬ ಸೈಲೆನ್ಸರ್‌ಗಳು ಮರುದಿನವೂ ತೂಗುತ್ತಿರುತ್ತವೆ.

ಕಾನೂನು ಕೆಲಸ ಮಾಡಬೇಕಾದರೆ ಯಾರಾದರೂ ದೂರಬೇಕು. ನನ್ನ ತಕರಾರು ಇರುವುದು ಇಲ್ಲೇ. "ಬಾಜೂ ಮನಿಯವರು ಏನೂ ಅಂದಿಲ್ಲ" ಎಂಬ ಮಾತನ್ನು ಒಪ್ಪಿಗೆ ಎಂದು ಎಣಿಸುವುದು ನಮ್ಮ ಹಳ್ಳಿಗಳಲ್ಲಿ ದೊಡ್ಡ ಮೋಸ. ಬಾಜೂ ಮನೆಯವರು ಅದೇ ಗಾಡಿಯಲ್ಲಿ ತಮ್ಮ ಕಬ್ಬು ಕಳಿಸಬೇಕು. ನಾಳೆ ಗೊಬ್ಬರ ಹೇರಲು ಅದೇ ಟ್ರಾಲಿ ಬೇಕು. ಒಮ್ಮೆ ಮಾತು ಆಡಿದರೆ ಸಂಬಂಧ ಕೆಡುತ್ತದೆ. ಇನ್ನು ಗಾಡಿಗೆ ಅತಿ ಹತ್ತಿರದ ನೆರೆಯವರು ಯಾರೆಂದು ಯೋಚಿಸಿದ್ದೀರಾ? ಮಹಾರಾಷ್ಟ್ರದ ಬೀಡ ಮುಂತಾದ ಕಡೆಯಿಂದ ಬಂದ ಕಟಾವಿನ ಗ್ಯಾಂಗಿನವರು. ತಾಡಪತ್ರಿಯ ಗುಡಿಸಲು, ರಸ್ತೆಗೆ ಹತ್ತಿಕೊಂಡೇ, ಗೋಡೆಯೇ ಇಲ್ಲ. ಹಗಲೆಲ್ಲ ಕಬ್ಬು ಕಡಿದ ತಾಯಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮಲಗಿಸುವ ಹೊತ್ತಿಗೆ ಹತ್ತು ಹೆಜ್ಜೆ ಆಚೆ ಟ್ರ್ಯಾಕ್ಟರ್ ಗುಡುಗುತ್ತದೆ. ಗ್ಯಾಂಗಿನ ಮೇಸ್ತ್ರಿಯಾದ ಮುಕಾದಮನ ಕೈಯಲ್ಲಿ ಆ ಗ್ಯಾಂಗಿಗೆ ಮುಂಗಡ ಕೊಟ್ಟವನು ಬಹಳ ಸಲ ಅದೇ ಗಾಡಿಯ ಮಾಲೀಕ. ಆಕೆ ಯಾರಿಗೆ ಹೇಳಬೇಕು? ಮಲಗುವ ಜಾಗದಲ್ಲಿ ಒಂದೊಂದು ಸಪ್ಪಳವೂ 45 ಡೆಸಿಬಲ್ ದಾಟದಿದ್ದರೆ ನಿದ್ದೆ ಕೆಡದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ತಾಡಪತ್ರಿಗೆ ಆ ಸುದ್ದಿ ಮುಟ್ಟಿಲ್ಲ.

ಹಾಗಾದರೆ ಸೈಲೆನ್ಸರ್ ಬದಲಿಸುವುದೇ ತಪ್ಪೇ? ಹಳೆಯದು ತುಕ್ಕು ಹಿಡಿದು ಒಡೆದಾಗ ಬದಲಿಸಲೇಬೇಕು. ಆಗ ಆರಿಸುವ ಕಿವಿ ಯಾರದು ಎಂಬುದೇ ಮುಖ್ಯ. ಮಾಲೀಕ ಸೀಟಿನ ಮೇಲೆ ಕೂತು, ಖಾಲಿ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಎರಡು ಸಲ ರೈಸ್ ಮಾಡಿ, "ಭಾರಿ ಐತಿ" ಎನ್ನುತ್ತಾನೆ. ಅದು ಪರೀಕ್ಷೆಯೇ ಅಲ್ಲ. ಭಾರ ಎಳೆಯುವಾಗಿನ ದನಿ ಬೇರೆ. ಮೊದಲು ಸೈಲೆನ್ಸರನ್ನು ಕೈಯಲ್ಲಿ ಎತ್ತಿ ನೋಡಬೇಕು. ಕಂಪನಿಯದರ ಅರ್ಧ ತೂಕವಿದ್ದರೆ ಒಳಗೆ ತಗಡುಗಳಿಲ್ಲ. ಒಂದು ತುದಿಗೆ ಬ್ಯಾಟರಿ ಹಿಡಿದಾಗ ಇನ್ನೊಂದು ತುದಿಗೆ ಬೆಳಕು ನೇರ ಬಂದರೆ ಅದು ನೇರ ಕೊಳವೆ. ಅದರ ಸುತ್ತ ಗಾಜಿನುಣ್ಣೆ ತುಂಬಿದ್ದರೂ ಬಿಸಿಗೆ ಪುಡಿಯಾಗಿ, ಹಾರಿ, ದಿನ ಕಳೆದಂತೆ ಸಪ್ಪಳ ಏರುತ್ತದೆ. ಜೋಡಣೆಯಲ್ಲಿ ಗ್ಯಾಸ್ಕೆಟ್ ಸೋರಿದರೆ ಎಂಥ ಒಳ್ಳೆ ಸೈಲೆನ್ಸರೂ ಟಕಟಕ ಎನ್ನುತ್ತದೆ. ಆಮೇಲೆ ಗಾಡಿಯನ್ನು ಬೇರೊಬ್ಬರ ಕೈಗೆ ಕೊಟ್ಟು, ತುಂಬಿದ ಟ್ರಾಲಿಯೊಂದಿಗೆ ಓಣಿಯಲ್ಲಿ ಓಡಿಸಲು ಹೇಳಿ, ತಾನು ಹೋಗಿ ಬಾಜೂ ಮನೆಯ ಒಳಕೋಣೆಯಲ್ಲಿ ಕದ ಹಾಕಿಕೊಂಡು ಕೂರಬೇಕು.

ಮೊಬೈಲಿನ ಡೆಸಿಬಲ್ ಆ್ಯಪ್ ನಂಬಿ ಕೂರಬೇಡಿ. ಮೀಟರುಗಳು ಮನುಷ್ಯನ ಕಿವಿಗೆ ಹೊಂದುವಂತೆ ಎಣಿಸುತ್ತವೆ, 50 ಹರ್ಟ್ಸ್‌ನ ದಪ್ಪ ದನಿಯಿಂದ ಸುಮಾರು 30 ಡೆಸಿಬಲ್ ಕಳೆದೇ ತೋರಿಸುತ್ತವೆ. ಆದರೆ ಗೋಡೆ ದಾಟಿ ಬರುವುದು ಆ ದಪ್ಪ ದನಿಯೇ. ಮಾಳಿಗೆಯ ತಗಡು ಗುಂಯ್‌ಗುಡುತ್ತದೆ, ಶೆಲ್ಫಿನ ಮೇಲಿನ ಸ್ಟೀಲ್ ತಾಟು ನಡುಗುತ್ತದೆ, ಕಿಡಕಿಯ ಗಾಜಿಗೆ ಅಂಗೈ ಇಟ್ಟರೆ ತಿಳಿಯುತ್ತದೆ. ಅಂಗೈಗೆ ನಡುಕ ತಾಗಿದರೆ ಆ ಸೈಲೆನ್ಸರನ್ನು ಅಂಗಡಿಗೆ ಹಿಂದಿರುಗಿಸಬೇಕು.

ಒಂದು ಎದುರುಮಾತು ಬರುತ್ತದೆ, ಅದನ್ನು ತಪ್ಪಿಸಿಕೊಳ್ಳಲಾಗದು: "ಗಣಪತಿಗೆ, ಲಗ್ನಕ್ಕೆ ಡಾಲ್ಬಿ ಹಚ್ಚಿ ಊರೆಲ್ಲ ನಡುಗಿಸುವಾಗ ನಿಮ್ಮ ಕಿವಿ ಎಲ್ಲಿತ್ತು?" ಕೇಳುವ ಹುಡುಗನಿಗೆ ಕೇಳುವ ಹಕ್ಕಿದೆ. ಹಬ್ಬಕ್ಕೆ ತಾರೀಖು ಇರುತ್ತದೆ, ಮೆರವಣಿಗೆ ಮುಂದೆ ಹೋಗುತ್ತದೆ, ಸೈಲೆನ್ಸರ್ ನಾಲ್ಕು ತಿಂಗಳು ದಿನಾ ನಸುಕಿಗೆ ಎಬ್ಬಿಸುತ್ತದೆ ಎಂದು ಉತ್ತರ ಕೊಡಬಹುದು. ಆದರೆ ಡಾಲ್ಬಿಗೆ ವರ್ಗಣಿ ಎತ್ತಿದ ಹಿರಿಯರು ಬುಲೆಟ್ ಹುಡುಗನಿಗೆ ಬುದ್ಧಿ ಹೇಳಿದರೆ ಅವನು ನಗುತ್ತಾನೆ, ನಗಲಿ.

ಈ ಸೈಲೆನ್ಸರ್ ಶೋಕಿಯನ್ನು ಹಿಡಿಯಬೇಕಾದ ಜಾಗ ರಸ್ತೆಯಲ್ಲಿಲ್ಲ, ಸಕ್ಕರೆ ಕಾರ್ಖಾನೆಯ ಕಚೇರಿಯಲ್ಲಿದೆ ಎಂದು ನನ್ನ ಎಣಿಕೆ. ಹಂಗಾಮಿಗೆ ಮೊದಲು ಪ್ರತಿ ಗಾಡಿಯವನೂ ಅಲ್ಲಿ ಕಟಾವು-ಸಾಗಾಣಿಕೆ ಕರಾರಿಗೆ ಸಹಿ ಹಾಕುತ್ತಾನೆ. ಕೆಎ-23 ನಂಬರು, ಟ್ರಾಲಿಗಳ ವಿವರ, ಮುಂಗಡದ ಲೆಕ್ಕ ಎಲ್ಲ ದಾಖಲಾಗುತ್ತವೆ. ಸೈಲೆನ್ಸರ್ ಕಂಪನಿ ಅಳತೆಯದಾಗಿರಬೇಕು ಎಂಬ ಸಾಲೊಂದು ಕರಾರಿಗೆ ಸೇರಿದರೆ, ಯಾರ್ಡಿನ ಗೇಟಿನಲ್ಲಿ ನೋಡಿ ಬಿಡುವ ಒಬ್ಬ ಮನುಷ್ಯ ಸಾಕು. ಗ್ಯಾಂಗಿನ ತಾಯಿಯೂ ಬಾಜೂ ಮನೆಯವರೂ ಬಾಯಿ ತೆರೆದು ಸಂಬಂಧ ಕೆಡಿಸಿಕೊಳ್ಳಬೇಕಿಲ್ಲ. ಇದು ನಮ್ಮ ಕೆಲಸವಲ್ಲ ಎಂದು ಆಡಳಿತ ಮಂಡಳಿಯವರು ಅಂದಾರು. ಆದರೆ ಟ್ರಾಲಿಗಳಿಗೆ ರೇಡಿಯಂ ಪಟ್ಟಿ ಅಂಟಿಸಲು ಇದೇ ಯಾರ್ಡಿನಲ್ಲಿ ಗಾಡಿಗಳನ್ನು ನಿಲ್ಲಿಸಿಕೊಳ್ಳುತ್ತಾರಲ್ಲ, ಅಂಟಿಸುವ ಹುಡುಗ ಹಿಂದೆ ಪಟ್ಟಿ ಹಚ್ಚಿದ ಮೇಲೆ ನಾಲ್ಕು ಹೆಜ್ಜೆ ಮುಂದೆ ನಡೆದು ಬಂದು ಕೊಳವೆಯೊಳಗೆ ಬ್ಯಾಟರಿ ಬಿಟ್ಟು ನೋಡಲು ಎಷ್ಟು ಹೊತ್ತು ಬೇಕು?