ಬೀಸುಕಲ್ಲನ್ನೂ ಬಿಡದವರು

ಬಡವನ ಬೀಸುಕಲ್ಲನ್ನು ಸಾಲಕ್ಕೆ ಅಡವಾಗಿ ತೆಗೆದುಕೊಳ್ಳಬಾರದೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧಿಸುತ್ತದೆ. ಹಾಗೆ ಮಾಡುವುದು ಅವನ ಜೀವವನ್ನೇ ಒತ್ತೆಯಿಟ್ಟುಕೊಂಡಂತೆ. ಸಾಲ ಕೊಟ್ಟವನು ಅಡವು ಕೇಳಲು ಅವನ ಮನೆಯೊಳಕ್ಕೆ ಕಾಲಿಡಕೂಡದು, ಹೊರಗೇ ನಿಲ್ಲಬೇಕು ಎಂಬ ಮಾತೂ ಅಲ್ಲಿದೆ. ದೇವಾಲಯದಲ್ಲಿ ಇದನ್ನು ಕೇಳಿ ಅಂಗಳಕ್ಕೆ ಬರುವಷ್ಟರಲ್ಲಿ ಮರೆಯುತ್ತೇವೆ. ನನಗೆ ಅದು ನೆನಪಾದದ್ದು ಕಳೆದ ಜೂನ್ ತಿಂಗಳಲ್ಲಿ, ಒಂದು ಬ್ಯಾಂಕಿನ ಬೆಂಚಿನ ಮೇಲೆ.

ನಮ್ಮ ಧರ್ಮಕೇಂದ್ರದ ಒಬ್ಬ ತಂದೆಯ ಜೊತೆ ಹೋಗಿದ್ದೆ. ಕಾಫಿ ತೋಟದ ಕೂಲಿ ಅವರ ಜೀವನ. ಮಗಳಿಗೆ ಬಿ.ಎಸ್ಸಿ. ನರ್ಸಿಂಗ್ ಸೀಟು ದೊರೆತಿತ್ತು. ಬೇಕಾಗಿದ್ದುದು 5 ಲಕ್ಷ ರೂಪಾಯಿ. ಹುಡುಗಿಯ ಅಂಕಪಟ್ಟಿ ಮೇಜಿನ ಮೇಲಿದ್ದರೂ ವ್ಯವಸ್ಥಾಪಕರು ಕೇಳಿದ ಮೊದಲ ಪ್ರಶ್ನೆ, "ಜಮೀನಿನ ಪತ್ರ ತಂದಿದ್ದೀರಾ?" ಇದ್ದ 30 ಗುಂಟೆಯ ಪಹಣಿಯನ್ನು ಮುಂದಿಟ್ಟರೆ ಅದು ಸಾಲದು, ಸರ್ಕಾರಿ ನೌಕರನೊಬ್ಬನ ಜಾಮೀನು ಬೇಕು ಎಂದರು. ಅದನ್ನೂ ಹೊಂದಿಸಿದಾಗ, ನಿಮ್ಮ ಊರು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಐದು ಸಲದ ಓಡಾಟವೆಂದರೆ ಐದು ದಿನದ ಕೂಲಿ, ಬಸ್ಸಿನ ಖರ್ಚು ಬೇರೆ.

ಈ ಮೂರು ಉತ್ತರಗಳಲ್ಲಿ ಒಂದೂ ನಿಯಮದಂತೆ ಇರಲಿಲ್ಲ. ಭಾರತೀಯ ಬ್ಯಾಂಕುಗಳ ಸಂಘ 2001ರಲ್ಲಿ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿಯೇ 4 ಲಕ್ಷದವರೆಗೆ ಅಡಮಾನವಿರಲಿಲ್ಲ. 2015ರಲ್ಲಿ ಸಾಲ ಖಾತರಿ ನಿಧಿ ಬಂದ ಮೇಲೆ, ಅದರಡಿಯಲ್ಲಿ 7.5 ಲಕ್ಷದವರೆಗೆ ಅಡಮಾನವನ್ನಾಗಲಿ ಹೊರಗಿನವರ ಜಾಮೀನನ್ನಾಗಲಿ ಕೇಳಬೇಕಾಗಿಲ್ಲ. ಸಾಲ ಮುಳುಗಿದರೆ ಶೇ. 75ರಷ್ಟನ್ನು ಆ ನಿಧಿಯೇ ತುಂಬಿಕೊಡುತ್ತದೆ. ವಾಸಸ್ಥಳ ಶಾಖೆಯ ವ್ಯಾಪ್ತಿಯಲ್ಲಿಲ್ಲವೆಂದು ಶಿಕ್ಷಣ ಸಾಲದ ಅರ್ಜಿಯನ್ನು ತಳ್ಳಿಹಾಕಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ತಿಳಿಸಿದೆ. ಸಿಬಿಲ್ ಅಂಕ ಕಡಿಮೆಯೆಂಬ ಒಂದೇ ಕಾರಣಕ್ಕೆ ವಿದ್ಯಾರ್ಥಿಯ ಅರ್ಜಿಯನ್ನು ನಿರಾಕರಿಸಲಾಗದೆಂದು ಕೇರಳ ಉಚ್ಚ ನ್ಯಾಯಾಲಯ 2023ರಲ್ಲಿ ಹೇಳಿತು.

ಸಾಲಗಳು ಮರಳಿ ಬರುವುದಿಲ್ಲ ಎಂದು ಬ್ಯಾಂಕಿನವರು ಹೇಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ; ಪದವಿ ಪಡೆದ ಕೂಡಲೇ ಎಲ್ಲರಿಗೂ ಕೆಲಸ ಸಿಗುವುದಿಲ್ಲ, ದಾದಿಯರ ಮೊದಲ ಸಂಬಳವಂತೂ ಹೇಳಿಕೊಳ್ಳುವಂತಿರುವುದಿಲ್ಲ. ಆದರೆ ನಿಜವಾದ ಕಾರಣ ಬೇರೆಯೇ ಇದೆ ಎಂದು ನನ್ನ ಎಣಿಕೆ. ಕೊಟ್ಟ ಸಾಲ ಮುಳುಗಿದರೆ ವ್ಯವಸ್ಥಾಪಕ ಮೇಲಿನವರಿಗೆ ಉತ್ತರಿಸಬೇಕು. ಕೊಡದೆ ಹೋದ ಸಾಲಕ್ಕೆ ಅವನನ್ನು ಕೇಳುವವರಿಲ್ಲ. ಆದ್ದರಿಂದಲೇ ಯಾರೂ "ಇಲ್ಲ" ಎನ್ನುವುದಿಲ್ಲ, "ಮುಂದಿನ ವಾರ ಬನ್ನಿ" ಎನ್ನುತ್ತಾರೆ.

2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆಯಿತ್ತಿತು. ಅಡಮಾನವಿಲ್ಲ, ಜಾಮೀನಿಲ್ಲ. ಸಂತೋಷ! ಆದರೆ ಆರಂಭದಲ್ಲಿ ಅದರ ಪಟ್ಟಿಯಲ್ಲಿ ಸೇರಿದ್ದು ದೇಶದ 860 ಶ್ರೇಷ್ಠ ಸಂಸ್ಥೆಗಳು. ಕೂಲಿಯವರ ಮಕ್ಕಳು ಹೆಚ್ಚಾಗಿ ಓದುವುದು ತಾಲ್ಲೂಕು ಊರುಗಳ ಕಾಲೇಜುಗಳಲ್ಲಿ.

ಬ್ಯಾಂಕನ್ನು ಬಯ್ದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಬಡವರು ಬಡ್ಡಿಕೋರರ ಕೈಗೆ ಸಿಕ್ಕಬಾರದೆಂದು ಇಟಲಿಯ ಪೆರೂಜಿಯಾದಲ್ಲಿ 1462ರಲ್ಲಿಯೇ ಫ್ರಾನ್ಸಿಸ್ಕನ್ ಸನ್ಯಾಸಿಗಳು ಸಾಲದ ನಿಧಿಯೊಂದನ್ನು ಸ್ಥಾಪಿಸಲು ಮುಂದಾದರು. ಅಂಥ ನಿಧಿಗಳನ್ನು 1515ರಲ್ಲಿ ಜಗದ್ಗುರು ಹತ್ತನೇ ಲಿಯೋ ಮಹಾಸಭೆಯಲ್ಲಿ ಎತ್ತಿಹಿಡಿದರು. ಇಂದು ನಮ್ಮವೇ ಆದ ವಿದ್ಯಾಸಂಸ್ಥೆಗಳು ಎಷ್ಟಿವೆ! ಸಾಲ ಮಂಜೂರಾಗಲು ತಿಂಗಳು ಹಿಡಿಯುತ್ತದೆಂದು ಗೊತ್ತಿದ್ದರೂ ಶುಲ್ಕಕ್ಕೆ ಹತ್ತು ದಿನದ ಗಡುವು ಕೊಡುವವರು ನಮ್ಮಲ್ಲಿಯೂ ಇಲ್ಲವೇ? ಹಬ್ಬದ ದೀಪಾಲಂಕಾರಕ್ಕೆ ವಾರದೊಳಗೆ ಕೂಡುವ ಹಣ, ಒಂದು ಹುಡುಗಿಯ ಮೊದಲ ಕಂತಿಗೆ ಏಕೆ ಕೂಡುವುದಿಲ್ಲ?

ಮಾದರಿ ಯೋಜನೆಯ ಪ್ರಕಾರ ಅರ್ಜಿಯನ್ನು ತಿರಸ್ಕರಿಸುವುದಾದರೆ ಮೇಲಧಿಕಾರಿಯ ಸಮ್ಮತಿ ಬೇಕು, ಕಾರಣವನ್ನು ವಿದ್ಯಾರ್ಥಿಗೆ ತಿಳಿಸಬೇಕು. ನಮ್ಮ ಜನ ಅದನ್ನು ಕೇಳುವುದೇ ಇಲ್ಲ. ಸಾಹೇಬರು ಮುನಿದಾರೆಂಬ ಅಂಜಿಕೆ. ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಯಬಲ್ಲವರು ಪ್ರತಿ ಧರ್ಮಕೇಂದ್ರದಲ್ಲಿಯೂ ಇದ್ದಾರೆ. ಜೂನ್ ತಿಂಗಳ ಭಾನುವಾರಗಳಂದು ಬಲಿಪೂಜೆಯ ನಂತರ ಅವರಲ್ಲಿ ಇಬ್ಬರು ಒಂದು ಮೇಜು ಹಾಕಿಕೊಂಡು ಕುಳಿತರೆ ಸಾಕು.

ನಾವೂ ಅಂಥ ಪತ್ರ ಬರೆದು ಕೊಟ್ಟೆವು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆವು. ಅಷ್ಟರಲ್ಲಿ ಕಾಲೇಜಿನ ಗಡುವು ಬಂದಿತ್ತು. ತಾಯಿಯ ಕರಿಮಣಿ ಸರ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಸಾಹುಕಾರನ ಪೆಟ್ಟಿಗೆ ಸೇರಿತು. ಹುಡುಗಿ ತರಗತಿಗೆ ಹೋಗುತ್ತಿದ್ದಾಳೆ. ಬ್ಯಾಂಕಿನ ಉತ್ತರ ಇನ್ನೂ ಬಂದಿಲ್ಲ.