ಅತಿಥಿಸತ್ಕಾರದ ಹೆಸರಿನಲ್ಲಿ ಗಾಳ

ತತ್ತ್ವಾರ್ಥಸೂತ್ರದ ಕ್ರಮದಂತೆ ಶ್ರಾವಕನ ಹನ್ನೆರಡು ವ್ರತಗಳಲ್ಲಿ ಮೊದಲನೆಯದು ಅಹಿಂಸಾಣುವ್ರತ, ಕೊನೆಯದು ಅತಿಥಿಸಂವಿಭಾಗ. ಜೀವದಯೆಯಿಂದ ಹೊರಟ ದಾರಿ ಅತಿಥಿಯ ಸತ್ಕಾರದಲ್ಲಿ ಬಂದು ನಿಲ್ಲುತ್ತದೆ. ಒಂದೇ ಮಾಲೆಯಲ್ಲಿ ಪೋಣಿಸಿದ ಈ ಎರಡರಲ್ಲಿ ಒಂದನ್ನು ಕಿತ್ತೆಸೆದು ಇನ್ನೊಂದನ್ನು ಉಳಿಸಿಕೊಳ್ಳುತ್ತೇನೆಂದರೆ ಅದು ನಡೆಯುವ ಮಾತಲ್ಲ. ಆದರೆ ಶೀತದೇಶಗಳಲ್ಲಿ ಇಂದು ಸತ್ಕಾರದ ಹೆಸರಿನಲ್ಲಿ ನಡೆಯುತ್ತಿರುವ ಒಂದು ವಿನೋದವು ಮಾಲೆಯನ್ನೇ ಹರಿಯುವಂಥದು. ಹೆಪ್ಪುಗಟ್ಟಿದ ಜಲಾಶಯದ ಮೇಲೆ ಪರದೇಶದಿಂದ ಮೊದಲ ಬಾರಿಗೆ ಬಂದವರನ್ನು ಕರೆದೊಯ್ದು, ಮಂಜುಗಡ್ಡೆಗೆ ಕಿಂಡಿ ಕೊರೆದು, ಅವರ ಕೈಗೆ ಗಾಳವನ್ನು ಕೊಡುವುದೇ ಆ ವಿನೋದ.

ದಕ್ಷಿಣ ಕೊರಿಯಾದ ಗಾಂಗ್ವೊನ್ ಪ್ರಾಂತದಲ್ಲಿ ಹ್ವಾಚೊನ್ ಎಂಬ ಬೆಟ್ಟಗಾಡಿನ ಸೀಮೆಯಿದೆ. ಅಲ್ಲಿ 2003ರಲ್ಲಿ ಆರಂಭವಾದ ಚಳಿಗಾಲದ ಮೀನಿನ ಹಬ್ಬಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಸೇರುವುದು ವಾಡಿಕೆಯಾಗಿದೆ. ಹೊರದೇಶದವರಿಗೆಂದೇ ಪ್ರತ್ಯೇಕ ಸ್ಥಳವನ್ನೂ ಅಲ್ಲಿ ಕಾದಿರಿಸುತ್ತಾರೆ. ಹಿಡಿಯಲ್ಪಡುವ ಟ್ರೌಟ್ ಜಾತಿಯ ಮೀನುಗಳು ಆ ಹೊಳೆಯಲ್ಲಿ ಹುಟ್ಟಿ ಬೆಳೆದವಲ್ಲ. ಸಾಕಣೆಯ ಕೊಳಗಳಲ್ಲಿ ಬೆಳೆಸಿ, ಹಬ್ಬಕ್ಕಾಗಿ ಹೊತ್ತು ತಂದು ಸುರಿದವು. ಬೇಗನೆ ಎರೆಗೆ ಬೀಳಲೆಂದು ಅವನ್ನು ಮೊದಲೇ ಹಸಿವಿನಲ್ಲಿ ಇರಿಸುತ್ತಾರೆಂದು ಅಲ್ಲಿನ ಪ್ರಾಣಿದಯಾ ಸಂಘಗಳು ಆಕ್ಷೇಪಿಸಿವೆ. ಇಷ್ಟು ಸಾಲದೆಂಬಂತೆ, ತಣ್ಣೀರಿನ ಕೊಳಕ್ಕಿಳಿದು ಬರಿಗೈಯಿಂದ ಮೀನನ್ನು ಹಿಡಿದು, ಅಂಗಿಯೊಳಗೆ ತುರುಕಿಕೊಂಡು, ಬಾಯಲ್ಲಿ ಕಚ್ಚಿ ಮೆರೆಯುವ ಸ್ಪರ್ಧೆಯೂ ಉಂಟು. 2020ರ ಜನವರಿಯಲ್ಲಿ ಈ ಸಂಘಗಳು ದೂರು ಸಲ್ಲಿಸಿದವು. ಆಹಾರಕ್ಕೆಂದು ಬಳಸುವ ಮೀನು ಆ ದೇಶದ ಪ್ರಾಣಿಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲವೆಂಬ ಕಾರಣದಿಂದ ಅಭಿಯೋಜಕರು ಮೊಕದ್ದಮೆ ಹೂಡದೆ ಅದನ್ನು ಮುಗಿಸಿದರು. ಕೊರೋನಾ ಪಿಡುಗಿನಿಂದ 2021 ಮತ್ತು 2022ರಲ್ಲಿ ನಿಂತಿದ್ದ ಹಬ್ಬ 2023ರಲ್ಲಿ ಮತ್ತೆ ಮೊದಲಾಯಿತು. ಮೀನು ತಿನ್ನುವ ದೇಶದಲ್ಲಿಯೇ ಹುಟ್ಟಿದವರು ಈ ಆಟವನ್ನು ಕಂಡು ನಾಚಿ ದೂರು ಕೊಟ್ಟಿರುವಾಗ, ಜಿನಮಂದಿರದಲ್ಲಿ ಕೈಮುಗಿಯುವವನು ಅಲ್ಲಿ ನಿಂತು ಚಪ್ಪಾಳೆ ತಟ್ಟಬಹುದೇ?

ಇದು ದೂರದ ಕೊರಿಯಾಕ್ಕಷ್ಟೇ ಸಂಬಂಧಿಸಿದ ಮಾತಲ್ಲ. ಕರ್ನಾಟಕದ ಜೈನ ಮನೆತನಗಳ ಮಕ್ಕಳು ಅಮೆರಿಕ, ಕೆನಡಾಗಳಲ್ಲಿ ನೆಲಸಿದ್ದಾರೆ. ತಂದೆತಾಯಿಗಳು ಅವರನ್ನು ನೋಡಲು ಹೋಗುತ್ತಾರೆ. ಮಿನ್ನೆಸೋಟ ರಾಜ್ಯದ ಮಿಲ್ ಲ್ಯಾಕ್ಸ್‌ನಂಥ ಸರೋವರಗಳ ಮೇಲೆ ಚಳಿಗಾಲದಲ್ಲಿ ಬಾಡಿಗೆಯ ಗುಡಿಸಲುಗಳ ಊರೇ ಏಳುತ್ತದೆ. ಒಳಗೆ ಬೆಂಕಿಯ ಕಾವು, ಕುರ್ಚಿ, ಬಿಸಿ ಪಾನೀಯ. ಕಾಲಬುಡದಲ್ಲಿ ಬೈರಿಗೆಯಿಂದ ಕೊರೆದ ಗೇಣಗಲದ ಕಿಂಡಿ. ಪುಟ್ಟ ಮೀನೊಂದರ ಬೆನ್ನಿಗೆ ಜೀವವಿರುವಾಗಲೇ ಕೊಕ್ಕೆ ಚುಚ್ಚಿ ನೀರಿಗೆ ಇಳಿಬಿಡುವುದು ಅಲ್ಲಿ ಸಾಮಾನ್ಯ ಪದ್ಧತಿ. ಅದರ ಒದ್ದಾಟವೇ ದೊಡ್ಡ ಮೀನಿಗೆ ಕರೆ. ಹೀಗೆ ಒಂದು ಪಂಚೇಂದ್ರಿಯ ಜೀವಿಯನ್ನು ನೋಯಿಸಿ ಇನ್ನೊಂದನ್ನು ಸೆಳೆಯುವ ಕಾರ್ಯಕ್ಕೆ, ಮಗನ ಗೆಳೆಯನೋ ಕಚೇರಿಯ ಹಿರಿಯನೋ ಪ್ರೀತಿಯಿಂದಲೇ ಕರೆಯುತ್ತಾನೆ. ಕರೆಯುವವನಲ್ಲಿ ದ್ವೇಷವಿಲ್ಲ, ಅವನಿಗೆ ತಿಳಿದಿಲ್ಲ. ಹೋಗುವವನಿಗೆ ಮಾತ್ರ ತಿಳಿದಿದೆ.

ಗೃಹಸ್ಥನ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸಲಾಗಿದೆ. ಒಲೆ ಹೊತ್ತಿಸುವವನು, ಉಳುವವನು, ಮನೆಯನ್ನು ಕಾಯುವವನು ಮೊದಲ ಮೂರರಿಂದ ಪೂರ್ಣವಾಗಿ ಪಾರಾಗಲಾರ. ನಾಲ್ಕನೆಯದಕ್ಕೆ ಅಂಥ ಯಾವ ವಿನಾಯಿತಿಯೂ ಇಲ್ಲ. ಮಂಜಿನ ಮೇಲಿನ ಮೀನುಬೇಟೆ ಯಾವ ವರ್ಗದ್ದು? ಸರಕಾರದಿಂದ ಪರವಾನಗಿ ಪಡೆದು, ಎರೆಯನ್ನು ಹಣ ಕೊಟ್ಟು ಕೊಂಡು, ಗಟ್ಟಿಯಾದ ಮಂಜನ್ನು ಕೊರೆದು, ಗಂಟೆಗಟ್ಟಲೆ ಕಾದು ಕುಳಿತು ಮಾಡುವ ಕಾರ್ಯದಲ್ಲಿ ಅರಿಯದೆ ಆದದ್ದು ಯಾವುದು? ಹೆಜ್ಜೆಹೆಜ್ಜೆಗೂ ಸಂಕಲ್ಪವೇ ಇದೆ. ಉತ್ತರದ ಹಿಮಪ್ರದೇಶಗಳಲ್ಲಿ ಬೇರೆ ಆಹಾರವಿಲ್ಲದೆ ಮೀನನ್ನು ನೆಚ್ಚಿ ಬದುಕಿದ ಜನಾಂಗಗಳ ಮಾತು ಬೇರೆ. ಅವರನ್ನು ಹಳಿಯುವ ಅಧಿಕಾರ ಹೊಟ್ಟೆ ತುಂಬಿದ ಪ್ರವಾಸಿಗನಿಗಿಲ್ಲ. ಅಂತೆಯೇ ಅವರ ಅನಿವಾರ್ಯತೆಯನ್ನು ತನ್ನ ವಿನೋದಕ್ಕೆ ಹೊದಿಕೆಯಾಗಿ ಎಳೆದುಕೊಳ್ಳುವ ಅಧಿಕಾರವೂ ಅವನಿಗಿಲ್ಲ. ಪ್ರಯೋಜನವಿಲ್ಲದ ಪಾಪಕ್ಕೆ ಆಚಾರ್ಯರು ಅನರ್ಥದಂಡವೆಂದು ಹೆಸರಿಟ್ಟು, ಅದನ್ನು ಬಿಡುವುದನ್ನೇ ಒಂದು ವ್ರತವಾಗಿಸಿದ್ದಾರೆ.

ಆಕ್ಷೇಪಗಳು ಕೆಲವು ಏಳುತ್ತವೆ. ಕರೆದವರ ಮನಸ್ಸನ್ನು ನೋಯಿಸಬಾರದೆಂಬ ದಾಕ್ಷಿಣ್ಯ ಮೊದಲನೆಯದು. ಜನ್ನನ ಯಶೋಧರ ಚರಿತೆಯನ್ನು ಬಲ್ಲವರಿಗೆ ಇದಕ್ಕೆ ಉತ್ತರ ಹೊಸದಾಗಿ ಹೇಳಬೇಕಾಗಿಲ್ಲ. ಯಶೋಧರನು ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟನು. ಅಲ್ಲಿ ರಕ್ತವಿರಲಿಲ್ಲ, ದಾಕ್ಷಿಣ್ಯವಿತ್ತು. ಆದರೂ ಅವನು ನವಿಲಾಗಿ, ಮೀನಾಗಿ, ಆಡಾಗಿ, ಕೋಳಿಯಾಗಿ ಭವಭವಗಳಲ್ಲಿ ತೊಳಲಿದನು. ಹೆತ್ತ ತಾಯಿಯ ದಾಕ್ಷಿಣ್ಯವೇ ಕಾಪಾಡದಿರುವಲ್ಲಿ ಕಚೇರಿಯ ಪರಿಚಿತನ ದಾಕ್ಷಿಣ್ಯವು ಕಾಪಾಡೀತೇ? ಹಿಟ್ಟಿನ ಕೋಳಿಗೇ ಆ ಫಲವಾದರೆ, ಮಿಡುಕುವ ಮೀನಿಗೆ ಏನು?

“ಗಾಳವನ್ನು ಮುಟ್ಟಲಿಲ್ಲ, ಸುಮ್ಮನೆ ನೋಡಿದ್ದಷ್ಟೇ” ಎಂಬುದು ಎರಡನೆಯದು. ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಮಕ್ಕಳಿಗೆ ಪಾಠಶಾಲೆಯಲ್ಲಿ ಕಲಿಸಿ, ಹಿರಿಯರು ವಿಮಾನವೇರಿದೊಡನೆ ಕೊನೆಯದನ್ನು ಮರೆಯುವುದು ವಿಚಿತ್ರ. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಕಿವಿಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಶಾಲಿಸಿಕ್ಥ ಮತ್ಸ್ಯವಿದ್ದ ಕಥೆ ಪ್ರಸಿದ್ಧವಾದುದು. ಅದು ಒಂದು ಜೀವಿಯನ್ನೂ ಕೊಲ್ಲಲಿಲ್ಲ. ಮಹಾಮತ್ಸ್ಯದ ಬಾಯೊಳಗೆ ಹೊಕ್ಕು ಹೊರಬರುವ ಮೀನುಗಳನ್ನು ಕಂಡು, ತಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಹಂಬಲಿಸಿತು. ಅಷ್ಟಕ್ಕೇ ಏಳನೆಯ ನರಕಕ್ಕಿಳಿಯಿತು. ಕಿಂಡಿಯ ಬಳಿ ಕುಳಿತು “ಬಂತು, ಬಂತು” ಎಂದು ಕೂಗುವವನಿಗೂ, ಭಾವಚಿತ್ರ ತೆಗೆದು ಬಂಧುಗಳಿಗೆ ಕಳುಹಿಸುವವನಿಗೂ ಈ ಕಥೆ ಸಾಕು.

ಮೂರನೆಯದು ತುಸು ಗಟ್ಟಿಯಾದ ವಾದ. ಹಿಡಿದ ಮೀನನ್ನು ಮರಳಿ ನೀರಿಗೆ ಬಿಟ್ಟರೆ ದೋಷವೆಲ್ಲಿ? ಸೋಮದೇವಸೂರಿಯ ಯಶಸ್ತಿಲಕದಲ್ಲಿ ಬರುವ ಮೃಗಸೇನನೆಂಬ ಬೆಸ್ತನು ಮೊದಲು ಬಲೆಗೆ ಬಿದ್ದ ಮೀನನ್ನು ಬಿಡುವ ವ್ರತ ತೊಟ್ಟು, ಅದೇ ಮೀನು ಐದು ಸಲ ಬಿದ್ದಾಗಲೂ ಬಿಟ್ಟು, ಬರಿಗೈಯಲ್ಲಿ ಮನೆಗೆ ಮರಳಿದನಲ್ಲವೇ ಎಂದು ಕೆಲವರು ಕೇಳಿಯಾರು. ಮೃಗಸೇನನು ಹಿಂಸೆಯಲ್ಲಿ ಮುಳುಗಿದ್ದವನು. ಬಿಡುವ ವ್ರತವು ಅವನಿಗೆ ಹೊರಬರುವ ಮೊದಲ ಮೆಟ್ಟಿಲು. ಹಿಡಿಯದೇ ಬಾಳಿದವನು ಬಿಡುವ ಪುಣ್ಯಕ್ಕಾಗಿ ಹಿಡಿಯಲು ಹೊರಡುವುದು ಅದೇ ಮೆಟ್ಟಿಲನ್ನು ಇಳಿಯುವುದು. ಬಿಟ್ಟ ಮೀನು ಬದುಕುವುದೆಂಬ ಭರವಸೆಯೂ ಇಲ್ಲ. ಆಳದಿಂದ ಥಟ್ಟನೆ ಎಳೆದಾಗ ನೀರಿನ ಒತ್ತಡ ತಗ್ಗಿ ಮೀನಿನ ಒಡಲಿನ ಗಾಳಿಚೀಲ ಉಬ್ಬುತ್ತದೆ, ಒಳಾಂಗಗಳು ಜಖಂಗೊಳ್ಳುತ್ತವೆ. ಕೊರೆಯುವ ಗಾಳಿಗೆ ಒಡ್ಡಿದ ಕಿವಿರುಗಳು ಕ್ಷಣಗಳಲ್ಲಿ ಹೆಪ್ಪುಗಟ್ಟಬಹುದು. ಮರಳಿ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಸ್ವಿಟ್ಜರ್ಲೆಂಡಿನ ಕಾನೂನು ನಿಷೇಧಿಸಿದೆ. ತಿನ್ನುವ ನೆಪವೂ ಇಲ್ಲದ ನೋವು ಕೇವಲ ಆಟವೆಂಬುದನ್ನು ಆ ದೇಶದವರು ಕಂಡುಕೊಂಡರು.

ಮೀನಿಗೆ ನೋವೇ ಇಲ್ಲವೆಂಬ ಮಾತನ್ನು ಹೆಚ್ಚು ಚರ್ಚಿಸಬೇಕಾಗಿಲ್ಲ. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಲಿನ್ ಸ್ನೆಡನ್ ಮತ್ತು ಸಹೋದ್ಯೋಗಿಗಳು ಟ್ರೌಟ್ ಮೀನಿನ ತುಟಿಯಲ್ಲಿ ನೋವನ್ನು ಗ್ರಹಿಸುವ ನರಗಳಿರುವುದನ್ನು 2003ರಲ್ಲಿ ಪ್ರಕಟಿಸಿದರು. ತುಟಿಗೆ ಆಮ್ಲವನ್ನು ಚುಚ್ಚಿದ ಮೀನುಗಳು ತುಟಿಯನ್ನು ಜಲ್ಲಿಗೆ ಉಜ್ಜಿಕೊಂಡವು, ಬಹುಹೊತ್ತು ಆಹಾರವನ್ನು ಮುಟ್ಟಲಿಲ್ಲ. ಜೀವಿಗಳನ್ನು ನೋಯಿಸಿ ಪಡೆದ ಈ ಸಾಕ್ಷ್ಯ ಶ್ರಾವಕನಿಗೆ ಬೇಕಾಗಿರಲಿಲ್ಲ; ಜಲಚರ ತಿರ್ಯಂಚಗಳಿಗೆ ಐದು ಇಂದ್ರಿಯಗಳಿವೆಯೆಂಬುದು ಅವನಿಗೆ ಎಂದೋ ತಿಳಿದ ಸಂಗತಿ.

ಹಾಗಾದರೆ ಮಾಡಬೇಕಾದುದೇನು? ಹಿಮದ ನಾಡಿಗೆ ಹೋಗಬೇಡಿರೆಂದು ಯಾರೂ ಹೇಳುತ್ತಿಲ್ಲ. ಮಕ್ಕಳು ತಂದೆತಾಯಿಗಳ ಪ್ರವಾಸವನ್ನು ಗೊತ್ತುಮಾಡುವಾಗಲೇ ತಮ್ಮ ಗೆಳೆಯರಿಗೆ ಮನೆತನದ ವ್ರತವನ್ನು ಮುಂಚಿತವಾಗಿ ತಿಳಿಸಬೇಕು. ಮೊದಲೇ ಹೇಳಿದರೆ ಅದು ಪರಿಚಯ. ಕಿಂಡಿಯ ಬಳಿ ನಿಂತು ಹೇಳಿದರೆ ಮಾತ್ರ ಅವಮಾನವೆನಿಸುತ್ತದೆ. ಬಸದಿಗಳ ವಿಶ್ವಸ್ತ ಮಂಡಳಿಗಳೂ ಸಮಾಜದ ಸಂಘಗಳೂ ವಿದೇಶಪ್ರವಾಸಗಳನ್ನು ಏರ್ಪಡಿಸುವಾಗ ಊಟದಲ್ಲಿ ಗಡ್ಡೆಗೆಣಸು ಇಲ್ಲವೆಂದು ಖಚಿತಪಡಿಸಿಕೊಂಡರೆ ಸಾಲದು. ವಿನೋದದ ಪಟ್ಟಿಯಲ್ಲಿ ಬೇಟೆಯೂ ಗಾಳವೂ ಇಲ್ಲವೆಂದು ಬರೆಹದಲ್ಲಿ ಪಡೆಯಬೇಕು. ಈರುಳ್ಳಿಯನ್ನು ತೊರೆದ ಕೈ ಗಾಳವನ್ನು ಹಿಡಿದರೆ ಆ ತ್ಯಾಗ ನಗೆಗೀಡಾಗುತ್ತದೆ.

ಹೆಪ್ಪುಗಟ್ಟಿದ ಸರೋವರ ಗಾಳವಿಲ್ಲದೆಯೂ ನೋಡತಕ್ಕದ್ದೇ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಸಾಂದ್ರವಾಗಿ ತಳಕ್ಕಿಳಿಯುವುದರಿಂದಲೂ, ಮಂಜುಗಡ್ಡೆ ಹಗುರವಾಗಿ ಮೇಲೆ ತೇಲುವುದರಿಂದಲೂ ಸರೋವರ ಮೇಲಿನಿಂದಲೇ ಹೆಪ್ಪುಗಟ್ಟುತ್ತದೆ. ಆ ಹೊದಿಕೆಯ ಕೆಳಗೆ ಮೀನುಗಳು ಚಲನೆಯನ್ನು ತಗ್ಗಿಸಿ, ಆಹಾರವನ್ನು ಮಿತಗೊಳಿಸಿ, ಬೇಸಿಗೆಯನ್ನು ಕಾಯುತ್ತವೆ. ಪ್ರಕೃತಿಯೇ ಅವುಗಳಿಗೆ ಅಭಯವಿತ್ತಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಕೊನೆಯದಕ್ಕೆ ಹಣ ಬೇಕಿಲ್ಲ, ಬೈರಿಗೆಯನ್ನು ಎತ್ತದಿದ್ದರೆ ಸಾಕು. ಪರದೇಶದ ಮಂಜಿನ ಮೇಲೆ ನಿಂತ ಶ್ರಾವಕನು ಆತಿಥೇಯನಿಗೆ ವಿನಯದಿಂದ “ಬೇಡ” ಎಂದಾಗ ಆ ದಾನ ಸಲ್ಲುತ್ತದೆ. ಅತಿಥಿಯ ಗೌರವವೂ ಉಳಿಯುತ್ತದೆ.